ಕುಸುಬಿ ಎಣ್ಣೆ ಕಮಟಾಗದಂತೆ ಇಡುವುದು

ಕುಸುಬಿ ರಾಶಿಯಾದ ಕೂಡಲೇ ವರ್ಷದ ಎಣ್ಣೆಯನ್ನು ಒಮ್ಮೆಗೇ ತೆಗೆಸಿ ಡಬ್ಬಿ ತುಂಬಿಸಬೇಡಿರಿ. ವರ್ಷಕ್ಕಾಗುವಷ್ಟು ಕಾಳು ಇಡಿರಿ, ತಿಂಗಳಿಗಾಗುವಷ್ಟು ಎಣ್ಣೆ ತೆಗೆಸಿರಿ. ನಾಲ್ಕು ಮಂದಿಯ ಮನೆಗೆ 2 ಲೀಟರ್ ಸಾಕು. ಅದಕ್ಕೆ ಚೆನ್ನಾಗಿ ಒಣಗಿದ 8ರಿಂದ 10 ಕಿಲೋ ಕಾಳು ಬೇಕು. ಗಟ್ಟಿ ಸಿಪ್ಪೆಯೊಳಗೆ ಎಣ್ಣೆ ಬೇಗ ಕೆಡುವುದಿಲ್ಲ. ಗಾಣದಿಂದ ಹೊರಬಿದ್ದ ಗಳಿಗೆಯಿಂದ ಗಾಳಿ ಅದನ್ನು ತಿನ್ನಲು ಶುರುಮಾಡುತ್ತದೆ.

ಇದಕ್ಕೆಲ್ಲ ಕಾರಣ ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಕುಸುಬಿ ಎಣ್ಣೆಯ 100 ಪಾಲಿನಲ್ಲಿ ಹೆಚ್ಚುಕಡಿಮೆ 75 ಪಾಲು ಇದೇ. ಗುರೆಳ್ಳೂ ಕುಸುಬಿಯ ಹತ್ತಿರವೇ ಬರುತ್ತದೆ. ಎಳ್ಳಿನಲ್ಲಿ 40ರ ಆಸುಪಾಸು, ಶೇಂಗಾದಲ್ಲಿ 30ರ ಸುತ್ತ, ಕೊಬ್ಬರಿ ಎಣ್ಣೆಯಲ್ಲಿ ಬರೀ 2. ಹೆಸರು ಮಾತ್ರ ಅಗಸಿಯದು: 1844ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಅಗಸಿ ಎಣ್ಣೆಯಿಂದ, ಲ್ಯಾಟಿನ್ನಿನಲ್ಲಿ ‘ಲೀನಮ್’ ಎಂದರೆ ಅಗಸಿ. ನಮ್ಮ ದೇಹ ಇದನ್ನು ತಾನೇ ತಯಾರಿಸಲಾರದು, ಊಟದಿಂದಲೇ ಸಿಗಬೇಕು.

ಇದು 18 ಇಂಗಾಲಗಳ ಸರಪಳಿ. 9ನೆಯ ಮತ್ತು 12ನೆಯ ಇಂಗಾಲದ ಬಳಿ ಒಂದೊಂದು ಜೋಡಿಬಂಧ (ಡಬಲ್ ಬಾಂಡ್). ಈ ಎರಡರ ನಡುವೆ ಸಿಕ್ಕ 11ನೆಯ ಇಂಗಾಲದ ಹೈಡ್ರೋಜನ್ ಬಲು ಸಡಿಲ. ಬೆಳಕು, ಶಾಖ, ತಾಮ್ರ, ಕಬ್ಬಿಣ ಯಾವುದು ತಾಗಿದರೂ ಅದು ಕಳಚುತ್ತದೆ, ಆ ಜಾಗಕ್ಕೆ ಆಮ್ಲಜನಕ ಬಂದು ಕೂಡುತ್ತದೆ. ಮೊದಲು ಹಸಿ ಹುಲ್ಲಿನಂಥ ವಾಸನೆ, ಆಮೇಲೆ ಹಳೆ ಬಣ್ಣದ ಡಬ್ಬಿ ತೆರೆದ ಹಾಗೆ. ಗಂಟಲು ಕೆರೆದರೆ ಆ ಎಣ್ಣೆ ಅಡುಗೆಗೆ ಬೇಡ.

ಆದ್ದರಿಂದ ತಾಮ್ರ, ಕಲಾಯಿ ಹೋದ ಹಿತ್ತಾಳೆ, ತುಕ್ಕು ಹಿಡಿದ ತಗಡು ಈ ಎಣ್ಣೆಗೆ ಕೂಡದು. ಸ್ಟೀಲ್ ಡಬ್ಬಿ ಅಥವಾ ಕಂದು ಗಾಜಿನ ಬಾಟಲಿ ಇರಲಿ. ಹೊಸ ಎಣ್ಣೆಯನ್ನು ಮೂರು-ನಾಲ್ಕು ದಿನ ಕದಲಿಸದೆ ಇಟ್ಟು, ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿ ಬಟ್ಟೆಯಲ್ಲಿ ಸೋಸಿರಿ. ಅರ್ಧ ಲೀಟರಿನ ಸಣ್ಣ ಬಾಟಲಿಗಳಲ್ಲಿ ಕುತ್ತಿಗೆವರೆಗೆ ತುಂಬಿಸಿದರೆ ಒಳಗೆ ಗಾಳಿಗೆ ಜಾಗ ಇರುವುದಿಲ್ಲ. ಒಂದು ಬಾಟಲಿ ಒಲೆಯಿಂದ ದೂರ ಇರಲಿ, ಉಳಿದವು ಫ್ರಿಜ್ಜಿಗೆ. ಮೇ ತಿಂಗಳ ಕಲಬುರಗಿ ಬಿಸಿಲಿಗೆ ಬೇರೆ ದಾರಿಯಿಲ್ಲ. ತಳದಲ್ಲಿ ಉಳಿದ ಹಳೆ ಎಣ್ಣೆಯ ಮೇಲೆ ಹೊಸದನ್ನು ಸುರಿಯುವುದು ಎಲ್ಲ ಮನೆಗಳಲ್ಲೂ ಕಾಣುವ ತಪ್ಪು. ಹಳೆಯದರಲ್ಲಿ ಆಮ್ಲಜನಕ ಕೂಡಿ ಆಗಲೇ ಹುಟ್ಟಿದ ಪೆರಾಕ್ಸೈಡುಗಳು ಹೊಸದನ್ನೂ ಬೇಗ ಕೆಡಿಸುತ್ತವೆ. ಡಬ್ಬಿ ತೊಳೆದು, ಪೂರ್ತಿ ಒಣಗಿಸಿಯೇ ತುಂಬಿಸಿರಿ.

ಫ್ರಿಜ್ಜಿನಿಂದ ಇನ್ನೊಂದು ಉಪಕಾರವೂ ಇದೆ. ಲಿನೋಲಿಕ್ ಆಮ್ಲ ಗಟ್ಟಿಯಾಗಲು ಸೊನ್ನೆಗಿಂತ 5 ಡಿಗ್ರಿ ಕೆಳಗೆ ಇಳಿಯಬೇಕು. ಕುಸುಬಿ ಎಣ್ಣೆ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟರೂ ಹರಿಯುತ್ತಲೇ ಇರುತ್ತದೆ. ತಳದಲ್ಲಿ ಬೆಳ್ಳಗೆ ದಪ್ಪಗೆ ಕೂತರೆ ತಾಳೆ ಎಣ್ಣೆ ಬೆರೆತಿರುವ ಅನುಮಾನ ಪಡಿರಿ. ತುಸು ಮಬ್ಬಾದರೆ ಗಾಬರಿ ಬೇಡ, ಅದು ಕಾಳಿನ ಮೇಣ ಇರಬಹುದು.

ಗಾಣದ ಕುಸುಬಿ ಎಣ್ಣೆ ಬೇಗ ಹೊಗೆಯಾಡುತ್ತದೆ. ಸಣ್ಣ ಉರಿಯ ಪಲ್ಯಕ್ಕೆ, ಜೋಳದ ರೊಟ್ಟಿಯ ಜೊತೆ ಹಿಂಡಿಯ (ಚಟ್ನಿಪುಡಿಯ) ಮೇಲೆ ಹಸಿಯಾಗಿ ಹಾಕಿಕೊಳ್ಳಲು ಅದಕ್ಕಿಂತ ರುಚಿಯಿಲ್ಲ. ಮಿರ್ಚಿ ಭಜಿ ಕರಿಯಲು ಶೇಂಗಾ ಎಣ್ಣೆಯೇ ಸರಿ. ಗುರೆಳ್ಳು, ಅಗಸಿ ಹಿಂಡಿಯನ್ನೂ ವಾರಕ್ಕಾಗುವಷ್ಟೇ ಕುಟ್ಟಿರಿ: ಪುಡಿಯಾದ ಕಾಳಿಗೆ ಎಲ್ಲ ಕಡೆಯಿಂದ ಗಾಳಿ ತಾಗುತ್ತದೆ. ಅಗಸಿಯಲ್ಲಿ ಹೆಚ್ಚಿರುವುದು ಮೂರು ಜೋಡಿಬಂಧದ ಲಿನೋಲೆನಿಕ್ ಆಮ್ಲ, ಅದು ಇನ್ನೂ ಬೇಗ ಕೆಡುತ್ತದೆ.

ಕುಸುಬಿ ಎಣ್ಣೆಯ ಡಬ್ಬಿಯ ಅಂಚಿಗೆ ಗೋಂದಿನಂತೆ ಅಂಟುವುದೂ ಲಿನೋಲಿಕ್ ಆಮ್ಲವೇ. ಗಾಳಿ ಕುಡಿದು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ, ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಡಾ ಬೇಡ. ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿರಿ. ಗಾಳಿ ಕುಡಿಯುವಾಗ ಎಣ್ಣೆ ಶಾಖ ಬಿಡುತ್ತದೆ, ಮುದ್ದೆಯೊಳಗೆ ಅದು ಕೂಡಿ ಕೂಡಿ ತಾನಾಗಿಯೇ ಬೆಂಕಿ ಹತ್ತಬಹುದು; ಅಗಸಿ ಎಣ್ಣೆಯ ಅರಿವೆಗೆ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಅವತ್ತೇ ಸೋಪಿನ ನೀರಲ್ಲಿ ಹಿಂಡಿ, ಬಿಡಿಸಿ ಒಣಹಾಕಿರಿ.