ಮೊದಲು ಹೊಲ, ಆಮೇಲೆ ಮನೆ: ಹೊಸ ಕೆಲಸಕ್ಕೆ ಕೈ ಹಾಕುವ ಮುನ್ನ ಬೈಬಲಿನಿಂದ ಒಂದಿಷ್ಟು ಲೆಕ್ಕಾಚಾರ

ಬೆಂಗಳೂರಿನ ಯಾವುದಾದರೂ ಬಡಾವಣೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಮೊನ್ನೆ ಮೊನ್ನೆ ಬಲೂನು ಕಟ್ಟಿ, ರಿಬ್ಬನ್ ಕತ್ತರಿಸಿ ಶುರುವಾದ ತಿಂಡಿ ಅಂಗಡಿಯ ಶಟರ್ ಮೇಲೆ ‘ಬಾಡಿಗೆಗಿದೆ’ ಅಂತ ಬರೆದಿರುತ್ತದೆ. ಒಳಗೆ ಗ್ರಾನೈಟ್ ಇನ್ನೂ ಹೊಳೆಯುತ್ತಿರುತ್ತದೆ. ಮಾಲೀಕರೇನು ಸೋಮಾರಿಗಳಾ? ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದುಡಿದವರು. ಎಡವಟ್ಟಾಗಿರುವುದು ಬಹಳ ಸಲ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಕಡೆ.

ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದಲ್ಲಿ, 24ನೇ ಅಧ್ಯಾಯದ 27ನೇ ವಚನದಲ್ಲಿ, ಇದಕ್ಕೆಂದೇ ಬರೆದ ಹಾಗಿರುವ ಒಂದು ಮಾತಿದೆ. ಹೊರಗಿನ ಕೆಲಸ ಮುಗಿಸಿಕೋ, ಹೊಲ ಸಿದ್ಧ ಮಾಡಿಕೋ, ಮನೆ ಕಟ್ಟುವುದು ಅದಾದ ಮೇಲೆ. ಅಷ್ಟೇ. ಹೊಲ ಕೈ ಹಿಡಿದರೆ ಮನೆಗೆ ಕಲ್ಲು, ಮರ ತಾನಾಗಿ ಬರುತ್ತದೆ. ಮನೆ ಎಷ್ಟೇ ಚಂದ ಇದ್ದರೂ ಒಂದು ಹಿಡಿ ಕಾಳು ಕೊಡುವುದಿಲ್ಲ. ಅದೇ ಅಧ್ಯಾಯದಲ್ಲಿ ಮೂರು ವಚನ ಕೆಳಗೆ ಬಂದರೆ ಸೋಮಾರಿಯ ಹೊಲದ ಚಿತ್ರವಿದೆ: ಮುಳ್ಳು ಬೆಳೆದಿದೆ, ಕಲ್ಲಿನ ಗೋಡೆ ಕುಸಿದಿದೆ. ಜನ ಜಾಸ್ತಿ ಎತ್ತಿ ಆಡುವುದು ಅದನ್ನೇ, ಮಕ್ಕಳನ್ನು ಬೈಯಲು ಅನುಕೂಲ ನೋಡಿ. ನನಗೆ 27ನೆಯದೇ ಇಷ್ಟ. ಅದು ಮೈ ಬಗ್ಗಿಸಿ ದುಡಿಯುವವರಿಗೆ ಹೇಳಿದ ಮಾತು.

ಈ ಲೇಖನಕ್ಕೆ ಉದಾಹರಣೆಯಾಗಿ ಒಂದು ಸಣ್ಣ ತಿಂಡಿ ಅಂಗಡಿಯನ್ನೇ ಇಟ್ಟುಕೊಳ್ಳೋಣ. ನೀವು ಟ್ಯೂಷನ್ ಶುರು ಮಾಡುವವರಿರಬಹುದು, ಸೈಟಿನಲ್ಲಿ ಮನೆ ಎಬ್ಬಿಸುವವರಿರಬಹುದು, ಲೆಕ್ಕ ಹೆಚ್ಚುಕಮ್ಮಿ ಇದೇ.

ಮೊದಲ ಹೆಜ್ಜೆ: ನಿಮ್ಮ ಹೊಲ ಯಾವುದು?

ಒಂದು ಹಾಳೆ ತೆಗೆದುಕೊಳ್ಳಿ. ಅಂಗಡಿಗೆ ಬೇಕಾದದ್ದೆಲ್ಲ ಬರೆಯಿರಿ. ಈಗ ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದು ದುಡ್ಡು ತರುತ್ತಾ, ದುಡ್ಡು ತಿನ್ನುತ್ತಾ? ಇಡ್ಲಿ, ಚಟ್ನಿ, ದಿನಾ ಬಂದು ತಿನ್ನುವ ಗಿರಾಕಿ, ಇವು ಹೊಲ. ಗ್ರಾನೈಟ್, ಲೈಟಿನ ಬೋರ್ಡು, ಗೋಡೆ ಮೇಲಿನ ಚಿತ್ರ, ಇವು ಮನೆ.

ಹೊಲದ ಕೆಲಸ ಅಂಗಡಿ ಹಿಡಿಯುವ ಮೊದಲೇ ಶುರುವಾಗಬೇಕು. ಮನೆಯಲ್ಲೇ ಮಾಡಿ, ಅಪಾರ್ಟ್‌ಮೆಂಟಿನ ನಾಲ್ಕು ಮನೆಗೆ ದುಡ್ಡಿಗೇ ಕೊಟ್ಟು ನೋಡಿ. ಪುಕ್ಕಟೆ ಕೊಡಬೇಡಿ, ಪುಕ್ಕಟೆ ತಿಂದವರೆಲ್ಲ ‘ಸೂಪರ್’ ಅಂತಾರೆ, ಮುಂದಿನ ವಾರ ಯಾರು ಮತ್ತೆ ಆರ್ಡರ್ ಕೊಡುತ್ತಾರೆ ಅನ್ನುವುದೇ ನಿಜವಾದ ಉತ್ತರ. ಡಿಸೆಂಬರಿನಲ್ಲಂತೂ ಖಂಡಿತ ಮಾಡಿ ನೋಡಿ. ಮೇ ತಿಂಗಳಲ್ಲಿ ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಉಕ್ಕುವ ಹಿಟ್ಟು, ಬೆಂಗಳೂರಿನ ಚಳಿಗೆ ರಾತ್ರಿಯಿಡೀ ಇಟ್ಟರೂ ಹುಳಿ ಬಂದಿರುವುದಿಲ್ಲ, ಸೌಟು ಹಾಕಿದರೆ ಗುಳ್ಳೆಯೇ ಇಲ್ಲ, ಇಡ್ಲಿ ಕಲ್ಲು. ಇದನ್ನು ಅಡುಗೆಮನೆಯಲ್ಲಿ ಕಲಿತರೆ ಒಂದು ಪಾತ್ರೆ ಹಿಟ್ಟು ನಷ್ಟ. ಅಂಗಡಿ ತೆರೆದ ಮೇಲೆ ಕಲಿತರೆ ಆ ದಿನದ ಗಿರಾಕಿಗಳೆಲ್ಲ ನಷ್ಟ.

ಹಾಗಂತ ಹೊಲವೇ ಸರ್ವಸ್ವ ಅಂದುಕೊಂಡರೆ ಬೈಬಲೇ ಕಿವಿ ಹಿಂಡುತ್ತದೆ. ಹಗ್ಗಾಯ ಅನ್ನುವ ಪ್ರವಾದಿ, ಕ್ರಿ.ಪೂ. 520ರಲ್ಲಿ, ಯೆರೂಸಲೇಮಿನ ಜನರನ್ನು ಕೇಳಿದ: ದೇವಾಲಯ ಹಾಳುಬಿದ್ದಿರುವಾಗ ನೀವು ಹಲಗೆ ಹೊದಿಸಿದ ಮನೆಗಳಲ್ಲಿ ಕೂತಿದ್ದೀರಲ್ಲ, ಇದು ಅದಕ್ಕೆ ಸಮಯವೇ? ಬಹಳ ಬಿತ್ತುತ್ತೀರಿ, ಕೊಯ್ಯುವುದು ಸ್ವಲ್ಪ, ಕೂಲಿಯನ್ನು ತೂತು ಚೀಲಕ್ಕೆ ಹಾಕುತ್ತಿದ್ದೀರಿ ಅಂದ. ಹಾಗಾಗಿ ಅದೇ ಹಾಳೆಯ ತಲೆಗೆ, ವ್ಯಾಪಾರಕ್ಕಾಗಿ ಯಾವುದನ್ನು ಬಿಡುವುದಿಲ್ಲ ಅನ್ನುವುದನ್ನೂ ಬರೆದುಬಿಡಿ. ಭಾನುವಾರದ ಆರಾಧನೆ, ಅಮ್ಮನ ಡಯಾಲಿಸಿಸ್, ಮಗಳ ಪರೀಕ್ಷೆ, ಏನಾದರೂ ಸರಿ. ಆಮೇಲೆ ಬರೆಯುತ್ತೇನೆ ಅಂದರೆ ಅದಕ್ಕೆ ಹಾಳೆಯಲ್ಲಿ ಜಾಗ ಉಳಿಯಲ್ಲ.

ಎರಡನೆಯದು: ಕೂತು ಲೆಕ್ಕ ಹಾಕಿ

ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ಕೇಳುತ್ತಾನೆ: ಗೋಪುರ ಕಟ್ಟಬೇಕೆಂದಿರುವವನು ಮೊದಲು ಕೂತು, ಮುಗಿಸುವಷ್ಟು ಹಣ ಇದೆಯಾ ಅಂತ ಎಣಿಸುವುದಿಲ್ಲವೇ? ಅಸ್ತಿವಾರ ಹಾಕಿ ನಿಲ್ಲಿಸಿದರೆ ನೋಡಿದವರೆಲ್ಲ ನಗುತ್ತಾರೆ. ಆ ಮಾತು ಶಿಷ್ಯನಾಗುವುದರ ಬೆಲೆ ಬಗ್ಗೆ, ಕಟ್ಟಡದ ಬಗ್ಗೆ ಅಲ್ಲ, ಅದನ್ನು ಮರೆಯಬಾರದು. ಆದರೆ ಕೇಳುತ್ತಿದ್ದವರಿಗೆ ಅರ್ಧ ನಿಂತ ಕಟ್ಟಡ ಹೇಗಿರುತ್ತದೆ ಅಂತ ಗೊತ್ತಿತ್ತು, ನಮಗೂ ಗೊತ್ತು.

ನಮ್ಮ ಊರಿನ ಲೆಕ್ಕ ಅಡ್ವಾನ್ಸಿನಿಂದ ಶುರು. ಬಾಡಿಗೆ 40 ಸಾವಿರ, ಹತ್ತು ತಿಂಗಳ ಅಡ್ವಾನ್ಸ್ ಅಂದುಕೊಳ್ಳಿ, ಆಯ್ತು ನಾಲ್ಕು ಲಕ್ಷ, ಇನ್ನೂ ಒಂದು ಚಮಚ ಕೊಂಡಿಲ್ಲ. ಇದರ ಮೇಲೆ ಪಾಲಿಕೆಯ ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನೋಂದಣಿ, ಕಮರ್ಷಿಯಲ್ ಕರೆಂಟು, 19 ಕೆಜಿ ಸಿಲಿಂಡರ್, ಭಟ್ಟರ ಸಂಬಳ. ತೆರೆಯುವ ದಿನದವರೆಗೆ ಮಾತ್ರ ಲೆಕ್ಕ ಹಾಕಿ ನಿಲ್ಲಿಸುವುದೇ ದೊಡ್ಡ ತಪ್ಪು. ಒಂದು ಪ್ಲೇಟ್ ಕೂಡ ಮಾರಾಟವಾಗದಿದ್ದರೆ ಎಷ್ಟು ತಿಂಗಳು ಬಾಡಿಗೆ ಕಟ್ಟಬಲ್ಲಿರಿ? ಅದನ್ನು ಬರೆದು, ಮನೆಯವರಿಗೆ ತೋರಿಸಿ. ಅವರ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಮೂರನೆಯದು: ಕಾಲ ನೋಡಿ, ಗಾಳಿ ನೋಡುತ್ತಾ ಕೂರಬೇಡಿ

ಪ್ರಸಂಗಿಯ ಪುಸ್ತಕದ 3ನೇ ಅಧ್ಯಾಯ ಎಲ್ಲರಿಗೂ ಗೊತ್ತು: ನೆಡುವ ಸಮಯ, ಕೀಳುವ ಸಮಯ, ಹೀಗೆ 14 ಜೋಡಿ. ಅದೇ ಪುಸ್ತಕದ 11ನೇ ಅಧ್ಯಾಯದ ಮಾತು ಅಷ್ಟು ಪ್ರಸಿದ್ಧವಲ್ಲ. ಗಾಳಿ ನೋಡುತ್ತಲೇ ಇರುವವನು ಬಿತ್ತುವುದಿಲ್ಲ, ಮೋಡ ನೋಡುತ್ತಲೇ ಇರುವವನು ಕೊಯ್ಯುವುದಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು. ಕಾಲ ಅನ್ನುವುದು ವರ್ಷವರ್ಷ ಬರುವಂಥದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಗಾಳಿ ಇವತ್ತಿನದು.

ಬೆಂಗಳೂರಿಗೆ ಹೇಳುವುದಾದರೆ, ಜಾಗ ಹುಡುಕುವುದನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಾಡಿ. ಜೋರು ಮಳೆ ಬರುವ ತಿಂಗಳುಗಳು, ಯಾವ ರಸ್ತೆಯಲ್ಲಿ ಮೊಣಕಾಲುದ್ದ ನೀರು, ಯಾವ ಗೋಡೆಯಲ್ಲಿ ತೇವ ಅಂತ ಬ್ರೋಕರ್ ಹೇಳದಿದ್ದರೂ ಕಾಣುತ್ತದೆ. ಕಾಲೇಜಿನ ಪಕ್ಕ ಅಂಗಡಿಯಾದರೆ ಬೇಸಿಗೆ ರಜೆಗೆ ಸರಿಯಾಗಿ ತೆರೆಯಬೇಡಿ. ಆಷಾಢದಲ್ಲಿ ಪೂಜೆ ಬೇಡ ಅನ್ನುವ ಮನೆಯವರಿದ್ದರೆ ಜಗಳ ಯಾಕೆ, ಆ ತಿಂಗಳು ಲೈಸೆನ್ಸಿಗೂ ಪೇಂಟಿಗೂ ಸರಿಹೋಗುತ್ತದೆ. ಇಷ್ಟಾದ ಮೇಲೂ ‘ಮೆಟ್ರೋ ಬರಲಿ’, ‘ಎಲೆಕ್ಷನ್ ಮುಗಿಯಲಿ’ ಅಂತ ತಳ್ಳುತ್ತಿದ್ದೀರಾ? ಅದು ಗಾಳಿ ನೋಡುವುದು.

ನಾಲ್ಕನೆಯದು: ಕಡ ಸಿಗದಿರುವುದನ್ನು ಮೊದಲೇ ತುಂಬಿಡಿ

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಹತ್ತು ಮಂದಿ ಕನ್ಯೆಯರ ಕಥೆ ಚರ್ಚಿಗೆ ಹೋಗದವರೂ ಕೇಳಿರುತ್ತಾರೆ. ಮದುಮಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟವರು. ಐವರು ಎಣ್ಣೆಯನ್ನೂ ತಂದಿದ್ದರು, ಐವರು ದೀಪ ಮಾತ್ರ. ಮದುಮಗ ತಡ ಮಾಡಿ ಮಧ್ಯರಾತ್ರಿ ಬಂದ, ಎಣ್ಣೆ ಇಲ್ಲದವರು ಕಡ ಕೇಳಿದರೆ ಸಿಗಲಿಲ್ಲ. ಇಲ್ಲಿ ಒಂದು ವಿಷಯ ಕಣ್ಣು ತಪ್ಪಿಹೋಗುತ್ತದೆ: ನಿದ್ದೆ ಹೋದದ್ದು ಹತ್ತು ಮಂದಿಯೂ. ಬುದ್ಧಿವಂತೆಯರೂ ಗಡದ್ದಾಗಿ ಮಲಗಿದ್ದರು, ಯಾರೂ ಅವರನ್ನು ಬೈಯಲಿಲ್ಲ. ಮೊದಲೇ ಸಿದ್ಧತೆ ಮಾಡಿಕೊಂಡವರಿಗೆ ನಿದ್ದೆ ಮಾಡುವ ಹಕ್ಕಿದೆ.

ಕಥೆ ದೇವರ ರಾಜ್ಯಕ್ಕೆ ಕಾಯುವುದರ ಬಗ್ಗೆ. ದಿನದ ಕೆಲಸಕ್ಕೆ ಅದರಿಂದ ಒಂದು ಪ್ರಶ್ನೆ ತೆಗೆದುಕೊಳ್ಳಬಹುದು: ಮಧ್ಯರಾತ್ರಿ ಓಡಿದರೆ ಸಿಗದಿರುವುದು ಏನು? ಕುರ್ಚಿ ಕಮ್ಮಿಯಾದರೆ ಶಾಮಿಯಾನದವರು ಕೊಡುತ್ತಾರೆ. ನೀರಿಗೆ ಟ್ಯಾಂಕರ್ ಇದೆ. ನಿನ್ನೆ ರಾತ್ರಿ ರುಬ್ಬಿಡಬೇಕಾಗಿದ್ದ ಹಿಟ್ಟನ್ನು ಯಾರೂ ಕಡ ಕೊಡಲ್ಲ. ಭಟ್ಟರು ಊರಿಗೆ ಹೋದ ದಿನ ಸಾಂಬಾರಿನ ಅಳತೆ ಗೊತ್ತಿರುವ ಇನ್ನೊಂದು ಕೈಯನ್ನೂ ಅಷ್ಟೇ. ನಿಮ್ಮ ಶ್ರಮ ಮೊದಲು ಇಂಥವಕ್ಕೆ ಹೋಗಲಿ.

ಇನ್ನೊಂದು ಕೈ ಅಂದ ಕೂಡಲೇ ಇಸ್ರಾಯೇಲ್ಯರನ್ನು ಈಜಿಪ್ಟಿನಿಂದ ಹೊರತಂದ ಮೋಶೆಯ ಮಾವ ಇತ್ರೋ ನೆನಪಾಗುತ್ತಾನೆ. ಅಳಿಯ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಎಲ್ಲರ ವ್ಯಾಜ್ಯ ಕೇಳುವುದನ್ನು ನೋಡಿ, ನೀನು ಮಾಡುತ್ತಿರುವುದು ಸರಿಯಿಲ್ಲ, ನೀನೂ ಬಳಲುತ್ತೀ ಜನರೂ ಬಳಲುತ್ತಾರೆ ಅಂದ. ಸಣ್ಣ ವ್ಯಾಜ್ಯಗಳನ್ನು ಬೇರೆಯವರಿಗೆ ಹಂಚಿಸಿದ. ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿದೆ. ಬಿಲ್ಲು, ಕಾಫಿ, ಪಾರ್ಸಲ್ ಮೂರನ್ನೂ ಒಬ್ಬರೇ ನೋಡಿಕೊಳ್ಳುವ ಮಾಲೀಕರು ಅದನ್ನು ಪ್ರಿಂಟ್ ತೆಗೆದು ಗಲ್ಲಾಪೆಟ್ಟಿಗೆ ಹತ್ತಿರ ಅಂಟಿಸಿಕೊಳ್ಳಬಹುದು.

ಕೊನೆಯದು: ಸಹಿ ಹಾಕುವ ಮೊದಲು ಕೇಳಿ

ನೆಹೆಮೀಯ ಯೆರೂಸಲೇಮಿನ ಗೋಡೆಯನ್ನು 52 ದಿನದಲ್ಲಿ ಮುಗಿಸಿದ ಅಂತ ಬೈಬಲ್ ಹೇಳುತ್ತದೆ. ಎಲ್ಲರೂ ಹೊಗಳುವುದು ಈ 52ನ್ನು. ಅದಕ್ಕಿಂತ ಮುಂಚೆ ಅವನು ಏನೇನು ಮಾಡಿದ ನೋಡಿ. ಪರ್ಷಿಯಾದ ಶೂಷನ್ ಅರಮನೆಯಲ್ಲಿ ರಾಜನಿಗೆ ದ್ರಾಕ್ಷಾರಸ ಕೊಡುವ ಕೆಲಸ ಅವನದು. ಊರಿನ ಗೋಡೆ ಬಿದ್ದಿದೆ ಅನ್ನುವ ಸುದ್ದಿ ಬಂದದ್ದು ಯೆಹೂದ್ಯರ ಪಂಚಾಂಗದ ಕಿಸ್ಲೇವ್ ತಿಂಗಳಲ್ಲಿ. ರಾಜನ ಹತ್ತಿರ ಬಾಯಿ ಬಿಟ್ಟದ್ದು ನೈಸಾನ್‌ನಲ್ಲಿ, ಸುಮಾರು ನಾಲ್ಕು ತಿಂಗಳು ಬಿಟ್ಟು. ಎಷ್ಟು ದಿನ ಬೇಕು ಅಂತ ರಾಜ ಕೇಳಿದಾಗ ಅವಧಿ ಹೇಳಿಬಿಟ್ಟ. ದಾರಿಯ ಅಧಿಪತಿಗಳಿಗೆ ಪತ್ರ ಕೇಳಿದ, ಬಾಗಿಲುಗಳ ತೊಲೆಗೆ ಮರ ಬೇಕು ಅಂತ ರಾಜನ ಕಾಡು ನೋಡಿಕೊಳ್ಳುವ ಆಸಾಫನಿಗೂ ಒಂದು ಪತ್ರ ಕೇಳಿದ. ಊರು ತಲುಪಿದ ಮೇಲೂ ಮೂರು ದಿನ ಸುಮ್ಮನಿದ್ದು, ರಾತ್ರಿ ಹೊತ್ತು ಕೆಲವರನ್ನಷ್ಟೇ ಕರೆದುಕೊಂಡು ಗೋಡೆ ಸುತ್ತಿ ನೋಡಿದ, ಯಾರಿಗೂ ಹೇಳಲಿಲ್ಲ.

ರಾಜ ಒಪ್ಪಿದ ಆ ಗಳಿಗೆಯಲ್ಲೇ ಮರಕ್ಕೆ ಪತ್ರ ಕೇಳಿದನಲ್ಲ, ನಾನು ಕಲಿಯಬೇಕು ಅನ್ನುವುದು ಅದನ್ನು. ನೀವೂ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಮಾಲೀಕರನ್ನು ಕೇಳಿಬಿಡಿ. ಸರ್, ಇಂಟೀರಿಯರ್ ಮುಗಿಯುವವರೆಗೆ ಬಾಡಿಗೆ ಬಿಡ್ತೀರಾ? ಹೊಗೆ ಚಿಮಣಿಗೆ ಗೋಡೆ ಕೊರೆಯಬಹುದಾ? ಬಿಟ್ಟು ಹೋಗುವಾಗ ಅಡ್ವಾನ್ಸಿನಲ್ಲಿ ಪೇಂಟಿಗೆ ಎಷ್ಟು ಹಿಡೀತೀರಿ? ಒಪ್ಪಿದ್ದನ್ನು ಅಗ್ರಿಮೆಂಟಿನಲ್ಲೇ ಬರೆಸಿ. ಅಡ್ವಾನ್ಸ್ ಕೈ ಬದಲಾಯಿಸಿದ ಮೇಲೆ ಕೇಳಿದರೆ, ‘ನೋಡೋಣ’ ಅಂತಾರೆ.