ಡ್ರೈವರ್ ಫೈಲ್ ಎಲ್ಲಿರಬೇಕು? ಕರ್ನಲ್ ಟ್ರೀ ಮರುಜೋಡಿಸಿದ ನನ್ನ ಅನುಭವ

ಲಿನಕ್ಸ್ ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಡ್ರೈವರ್ ಅಂದರೆ ಒಂದು ಹಾರ್ಡ್‌ವೇರ್ ನಡೆಸುವ ಕೋಡ್. ಕರ್ನಲ್‌ನ ಒಟ್ಟು ಕೋಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು 'ಡ್ರೈವರ್ಸ್' ಡೈರೆಕ್ಟರಿಯಲ್ಲೇ. ಅದರೊಳಗೆ ಯಾವ ಫೈಲ್ ಎಲ್ಲಿರಬೇಕು ಅನ್ನೋದನ್ನ ಬರೀ ಅಚ್ಚುಕಟ್ಟಿನ ಪ್ರಶ್ನೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಫೈಲ್ ಯಾವ ಜಾಗದಲ್ಲಿದೆಯೋ ಆ ಜಾಗದ ರೀತಿಯಲ್ಲೇ ಅದರೊಳಗಿನ ಕೋಡ್ ಬೆಳೆಯುತ್ತದೆ.

ನಾನು ಎಂಬೆಡೆಡ್ ಬೋರ್ಡ್‌ಗಳಿಗೆ ಕರ್ನಲ್ ತಯಾರು ಮಾಡುವ ಕೆಲಸದಲ್ಲಿದ್ದೇನೆ. ನನಗೆ ಸಿಕ್ಕ ಟ್ರೀಯಲ್ಲಿ (ಕರ್ನಲ್ ಸೋರ್ಸ್‌ನ ಡೈರೆಕ್ಟರಿಗಳೆಲ್ಲ ಸೇರಿ ಟ್ರೀ) ಬೋರ್ಡ್‌ಗೆ ಬೇಕಾದ ಡ್ರೈವರ್‌ಗಳೆಲ್ಲ ಒಂದೇ ಫೋಲ್ಡರ್‌ನಲ್ಲಿದ್ದವು, ಫೋಲ್ಡರ್‌ಗೆ ಬೋರ್ಡ್‌ನದೇ ಹೆಸರು. ಟಚ್‌ಸ್ಕ್ರೀನ್, ಬ್ಯಾಟರಿ ಚಾರ್ಜರ್, ಎಲ್‌ಇಡಿ, ಆರ್‌ಟಿಸಿ (ಗಡಿಯಾರದ ಚಿಪ್), ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಎಲ್ಲ ಅಲ್ಲೇ. ಹೊಸಬರಿಗೆ ಇದು ಅನುಕೂಲ ಅನ್ನಿಸುತ್ತದೆ, ಎಲ್ಲ ಒಂದೇ ಕಡೆ ಸಿಗುತ್ತಲ್ವಾ? ಆದರೆ ಚಾರ್ಜರ್ ಡ್ರೈವರ್ ತೆರೆದು ನೋಡಿದರೆ, ಅದು ಬ್ಯಾಟರಿ ಎಷ್ಟು ಉಳಿದಿದೆ ಅಂತ ಹೇಳುವುದಕ್ಕೆ ತನ್ನದೇ ಸಿಸ್‌ಎಫ್‌ಎಸ್ ಫೈಲ್‌ಗಳನ್ನು (ಕರ್ನಲ್ ತನ್ನ ಮಾಹಿತಿ ಹೊರಗೆ ತೋರಿಸುವ ಫೈಲ್‌ಗಳು) ಮಾಡಿಕೊಂಡಿತ್ತು. ಕರ್ನಲ್‌ನಲ್ಲಿ ಅದಕ್ಕೆಂದೇ ಪವರ್ ಸಪ್ಲೈ ಕ್ಲಾಸ್ ಅನ್ನುವ ಸಿದ್ಧ ವ್ಯವಸ್ಥೆ ಇದೆ. ಎಡಿಸಿ ಡ್ರೈವರ್‌ನದೂ ಇದೇ ಕಥೆ, ಐಐಒ (ಎಡಿಸಿ, ಸೆನ್ಸರ್‌ಗಳಿಗೆಂದೇ ಕರ್ನಲ್‌ನಲ್ಲಿರುವ ಭಾಗ) ಕೊಡುವ ಕೆಲಸವನ್ನೆಲ್ಲ ತಾನೇ ಹೊಸದಾಗಿ ಬರೆದುಕೊಂಡಿತ್ತು. ಬರೆದವರಿಗೆ ಕೌಶಲ ಕಡಿಮೆ ಇರಲಿಲ್ಲ. ಡ್ರೈವರ್ ಬರೆಯುವಾಗ ನಾವೆಲ್ಲ ಪಕ್ಕದ ಫೈಲ್ ತೆರೆದಿಟ್ಟುಕೊಂಡು ಬರೆಯುತ್ತೇವೆ, ಚಾರ್ಜರ್ ಪಕ್ಕದಲ್ಲಿ ಇದ್ದದ್ದು ಟಚ್‌ಸ್ಕ್ರೀನ್. ಅದೇ ಫೈಲ್ 'ಡ್ರೈವರ್ಸ್/ಪವರ್/ಸಪ್ಲೈ' ಒಳಗೆ ಹುಟ್ಟಿದ್ದರೆ ಸುತ್ತ ಹತ್ತಾರು ಚಾರ್ಜರ್ ಡ್ರೈವರ್‌ಗಳು ಕಣ್ಣಿಗೆ ಬೀಳುತ್ತಿದ್ದವು.

ಕರ್ನಲ್ ವರ್ಷನ್ ಏರಿಸುವಾಗ ಇದರ ತೊಂದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕರ್ನಲ್ ಒಳಗಿನ ಎಪಿಐಗಳು (ಡ್ರೈವರ್‌ಗಳು ಕರೆಯುವ ಫಂಕ್ಷನ್‌ಗಳು) ಬದಲಾಗುತ್ತಲೇ ಇರುತ್ತವೆ. ಬದಲಾಯಿಸಿದವರು ಮೇನ್‌ಲೈನ್‌ನಲ್ಲಿರುವ, ಅಂದರೆ ಲಿನಕ್ಸ್‌ನ ಅಧಿಕೃತ ಟ್ರೀಯಲ್ಲಿರುವ, ಡ್ರೈವರ್‌ಗಳನ್ನು ತಾವೇ ಸರಿಮಾಡುತ್ತಾರೆ, ನಮ್ಮದನ್ನು ನಾವೇ ಮಾಡಿಕೊಳ್ಳಬೇಕು. ಡ್ರೈವರ್ ತನ್ನ ಸಬ್‌ಸಿಸ್ಟಮ್‌ನ (ಒಂದು ಬಗೆಯ ಕೆಲಸ ನೋಡಿಕೊಳ್ಳುವ ಕರ್ನಲ್ ಭಾಗ) ಡೈರೆಕ್ಟರಿಯಲ್ಲಿದ್ದರೆ ಆ ಡೈರೆಕ್ಟರಿಗೆ ಗಿಟ್ ಲಾಗ್ (ಬದಲಾವಣೆಗಳ ಇತಿಹಾಸ ತೋರಿಸುವ ಕಮಾಂಡ್) ಹಾಕಿದರೆ ಸಾಕು, ಪಕ್ಕದವುಗಳಿಗೆ ಏನು ಮಾಡಿದ್ದಾರೆ ಅನ್ನುವುದು ಅಲ್ಲೇ ಕಾಣುತ್ತದೆ, ಅದನ್ನೇ ನಮ್ಮ ಫೈಲ್‌ಗೂ ಮಾಡಬಹುದು.

ಹಾಗಾದರೆ ಜಾಗ ನಿರ್ಧರಿಸುವುದು ಹೇಗೆ? ಡ್ರೈವರ್ ಮಾಡುವ ಕೆಲಸ ನೋಡಿ ಇಡಬಹುದು, ಯಾವ ಬಸ್‌ಗೆ (ಯುಎಸ್‌ಬಿ, ಪಿಸಿಐ ತರಹ ಚಿಪ್ ಜೋಡಿಸುವ ದಾರಿ) ಕೂತಿದೆ ಅಂತ ನೋಡಿ ಇಡಬಹುದು, ಚಿಪ್ ಮಾಡಿದ ಕಂಪನಿ ನೋಡಿ ಇಡಬಹುದು. ಲಿನಕ್ಸ್‌ನಲ್ಲಿ ಮೂರೂ ಇವೆ, ಅದಕ್ಕೇ ಮೊದಮೊದಲು ಗೊಂದಲ. ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್‌ನ ಡ್ರೈವರ್ 'ಡ್ರೈವರ್ಸ್/ನೆಟ್/ಯುಎಸ್‌ಬಿ' ಒಳಗೆ ಸಿಗುತ್ತದೆ, ಯುಎಸ್‌ಬಿ ಸೀರಿಯಲ್ ಕೇಬಲ್‌ನದು 'ಡ್ರೈವರ್ಸ್/ಯುಎಸ್‌ಬಿ/ಸೀರಿಯಲ್' ಒಳಗೆ. ಸೌಂಡ್ ಡ್ರೈವರ್‌ಗಳಂತೂ 'ಡ್ರೈವರ್ಸ್' ಒಳಗೇ ಇಲ್ಲ, ಮೇಲ್ಮಟ್ಟದಲ್ಲಿ 'ಸೌಂಡ್' ಅಂತಲೇ ಬೇರೆ ಡೈರೆಕ್ಟರಿ. ಆದರೂ ದೊಡ್ಡ ಮರುಜೋಡಣೆಗಳನ್ನು ನೋಡಿದರೆ ದಾರಿ ಕಾಣುತ್ತದೆ. 2011ರಲ್ಲಿ ಈಥರ್ನೆಟ್ ಡ್ರೈವರ್‌ಗಳನ್ನು 'ನೆಟ್/ಈಥರ್ನೆಟ್' ಕೆಳಗೆ ಕಂಪನಿವಾರು ಜೋಡಿಸಿದರು, ಅದು 3.2 ವರ್ಷನ್‌ನಲ್ಲಿ ಬಂತು. 2012ರಲ್ಲಿ 3.7ಕ್ಕೆ ಮೀಡಿಯಾ ಡ್ರೈವರ್‌ಗಳನ್ನು ಪಿಸಿಐ, ಯುಎಸ್‌ಬಿ, ಐ2ಸಿ, ಪ್ಲಾಟ್‌ಫಾರ್ಮ್ ಅಂತ ಬಸ್ ಪ್ರಕಾರ ಬೇರೆ ಮಾಡಿದರು. ಎರಡರಲ್ಲೂ ಮೊದಲ ಮಟ್ಟ ಕೆಲಸದ ಮೇಲೆಯೇ ನಿಂತಿದೆ. ಕಂಪನಿಯೋ ಬಸ್ಸೋ ಬರುವುದು ಅದರ ಕೆಳಗೆ, ಅದೂ ಡೈರೆಕ್ಟರಿ ತುಂಬಿ ತುಳುಕಿದ ಮೇಲೆ.

ನಾನು ಇಟ್ಟುಕೊಂಡ ನಿಯಮವೂ ಅದೇ. ಡ್ರೈವರ್ ತನ್ನನ್ನು ಯಾವ ಸಬ್‌ಸಿಸ್ಟಮ್‌ನಲ್ಲಿ ರಿಜಿಸ್ಟರ್ ಮಾಡಿಕೊಳ್ಳುತ್ತದೋ ಅದೇ ಅದರ ಮನೆ. ಸಾಧನ ಸಿಕ್ಕಾಗ ಕರ್ನಲ್ ಕರೆಯುವ ಪ್ರೋಬ್ ಫಂಕ್ಷನ್‌ನ ಕೊನೆಯ ಭಾಗ ಓದಿದರೆ ಹತ್ತರಲ್ಲಿ ಒಂಬತ್ತಕ್ಕೆ ಉತ್ತರ ಸಿಗುತ್ತದೆ. ಟಚ್‌ಸ್ಕ್ರೀನ್ 'ಇನ್‌ಪುಟ್/ಟಚ್‌ಸ್ಕ್ರೀನ್'ಗೆ, ಎಲ್‌ಇಡಿ 'ಲೆಡ್ಸ್'ಗೆ, ಎಡಿಸಿ 'ಐಐಒ/ಎಡಿಸಿ'ಗೆ, ಇವುಗಳ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ಜಗಳ ಬಂದದ್ದು ಪವರ್ ಮ್ಯಾನೇಜ್‌ಮೆಂಟ್ ಚಿಪ್‌ನ ವಿಷಯದಲ್ಲಿ. ಚಿಪ್ ಒಂದೇ, ಅದರೊಳಗೆ ರೆಗ್ಯುಲೇಟರ್ (ವೋಲ್ಟೇಜ್ ನಿಯಂತ್ರಕ), ಆರ್‌ಟಿಸಿ, ಜಿಪಿಐಒ (ಆನ್-ಆಫ್ ಸಿಗ್ನಲ್‌ಗಳ ಪಿನ್), ಚಾರ್ಜರ್ ಎಲ್ಲ ಇವೆ. ಹಳೇ ಟ್ರೀಯಲ್ಲಿ ಎಲ್ಲ ಸೇರಿ ಒಂದೇ ದೊಡ್ಡ ಫೈಲ್. ಇಂಥದ್ದಕ್ಕೆ ಕರ್ನಲ್‌ನಲ್ಲಿರುವ ದಾರಿ ಎಂಎಫ್‌ಡಿ (ಮಲ್ಟಿ-ಫಂಕ್ಷನ್ ಡಿವೈಸ್): ಚಿಪ್ ಜೊತೆ ಮಾತಾಡುವ, ಇಂಟರಪ್ಟ್ (ಚಿಪ್ ಕೊಡುವ ಸೂಚನೆ) ಹಂಚುವ ಮೂಲ ಡ್ರೈವರ್ 'ಎಂಎಫ್‌ಡಿ' ಒಳಗೆ ಇರುತ್ತದೆ, ಅದು ಮಕ್ಕಳನ್ನು, ಅಂದರೆ ಒಂದೊಂದು ಭಾಗಕ್ಕೂ ಒಂದೊಂದು ಉಪ-ಸಾಧನವನ್ನು, ಹುಟ್ಟಿಸುತ್ತದೆ, ಒಂದೊಂದು ಮಗುವಿನ ಡ್ರೈವರ್ ಅದರದರ ಸಬ್‌ಸಿಸ್ಟಮ್‌ನಲ್ಲಿ. ನಮ್ಮ ತಂಡದ ಒಬ್ಬರು, 'ಒಂದೇ ಚಿಪ್‌ನ ಕೋಡ್ ಐದು ಕಡೆ ಚದುರಿಸಿಬಿಟ್ಟರೆ ಹುಡುಕೋದು ಹೇಗೆ ರೀ?' ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಎರಡು ಕೆಲಸ ಮಾಡಿದೆವು. ಎಲ್ಲ ಫೈಲ್‌ಗಳ ಹೆಸರಲ್ಲೂ ಚಿಪ್‌ನ ನಂಬರ್ ಬರುವ ಹಾಗೆ ನೋಡಿಕೊಂಡೆವು. ಯಾವ ಕೋಡ್ ಯಾರು ನೋಡಿಕೊಳ್ಳುತ್ತಾರೆ ಅಂತ ಬರೆದಿರುವ ಮೇಂಟೇನರ್ಸ್ ಫೈಲ್‌ನಲ್ಲಿ ಆ ಚಿಪ್‌ಗೆ ಒಂದೇ ನಮೂದು ಬರೆದು, 'ಎನ್' ಸಾಲಿನಲ್ಲಿ ಆ ನಂಬರ್ ಕೊಟ್ಟೆವು. ಹಾಗೆ ಕೊಟ್ಟರೆ ಟ್ರೀಯಲ್ಲಿ ಎಲ್ಲೇ ಇರಲಿ, ಆ ಹೆಸರಿಗೆ ಹೊಂದುವ ಫೈಲ್‌ಗಳೆಲ್ಲ ಆ ನಮೂದಿಗೆ ಸೇರುತ್ತವೆ. ಈಗ ರೆಗ್ಯುಲೇಟರ್ ಗೊತ್ತಿರುವವರು ರೆಗ್ಯುಲೇಟರ್ ಭಾಗ ನೋಡುತ್ತಾರೆ, ಆರ್‌ಟಿಸಿ ಗೊತ್ತಿರುವವರು ಆರ್‌ಟಿಸಿ ಭಾಗ. ಮುಂಚೆ ಆ ದೊಡ್ಡ ಫೈಲನ್ನು ಪೂರ್ತಿ ಓದುವ ಧೈರ್ಯ ಯಾರಿಗೂ ಇರಲಿಲ್ಲ.

ಇನ್ನು ಸಾಗಿಸುವ ಕೆಲಸ. ಫೈಲ್ ಸರಿಸುವ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಒಮ್ಮೆ ದಾಖಲಿಸುವ ಬದಲಾವಣೆ) ಸರಿಸುವುದು ಬಿಟ್ಟು ಬೇರೇನೂ ಇರಬಾರದು, ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಮೇಕ್‌ಫೈಲ್ (ಯಾವ ಫೈಲ್ ಬಿಲ್ಡ್ ಮಾಡಬೇಕು ಅನ್ನುವ ಪಟ್ಟಿ), ಕೆಕಾನ್ಫಿಗ್ (ಬಿಲ್ಡ್ ಆಯ್ಕೆಗಳ ಪಟ್ಟಿ) ಸಾಲುಗಳು ಜೊತೆಗೆ ಹೋಗಲೇಬೇಕು, ಸಿ ಫೈಲ್ ಒಳಗೆ ಬೇರೆ ಫೈಲ್ ಸೇರಿಸುವ, ಸರಿಸಿದರೆ ಮುರಿಯುವ ಇನ್‌ಕ್ಲೂಡ್ ಇದ್ದರೆ ಆ ಸಾಲು, ಅಷ್ಟೇ. ಫೈಲ್ ಸರಿದಿದೆ ಅಂತ ಗಿಟ್ ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ, ಹಳೇದು ಹೊಸದು ಎಷ್ಟು ಹೋಲುತ್ತವೆ ಅಂತ ನೋಡಿ ಊಹಿಸುತ್ತದೆ. ಸಾಮಾನ್ಯ ಮಿತಿ 50 ಶೇಕಡ. ಸರಿಸುವಾಗಲೇ ಕೋಡನ್ನೂ ತಿದ್ದಿ ತೀಡಿ ಮಾಡಿದರೆ ಆ ಗೆರೆ ತಪ್ಪಬಹುದು, ಆಮೇಲೆ ಬ್ಲೇಮ್ (ಯಾವ ಸಾಲು ಯಾರು ಬರೆದರು ಅಂತ ತೋರಿಸುವ ಗಿಟ್ ಕಮಾಂಡ್) ಹಾಕಿದರೆ ಎಲ್ಲ ಸಾಲಿಗೂ ನಿಮ್ಮ ಹೆಸರೇ. ಪ್ಯಾಚ್ ಕಳಿಸುವಾಗ ಗಿಟ್‌ನ ಫಾರ್ಮ್ಯಾಟ್-ಪ್ಯಾಚ್ ಕಮಾಂಡ್‌ಗೆ ಮೈನಸ್ ದೊಡ್ಡ ಎಂ (-M) ಕೊಟ್ಟರೆ ಸಾವಿರ ಸಾಲಿನ ಬದಲು ನಾಲ್ಕು ಸಾಲಿನ ಪ್ಯಾಚ್ ಬರುತ್ತದೆ, ನೋಡುವವರಿಗೂ ನೆಮ್ಮದಿ.

ಫೈಲ್‌ನ ಹೆಸರು ಬದಲಾಯಿಸಬೇಡಿ, ಡೈರೆಕ್ಟರಿ ಮಾತ್ರ ಬದಲಾಯಿಸಿ. ಒಂದೇ ಫೈಲ್‌ನ ಡ್ರೈವರ್ ಆದರೆ ಮಾಡ್ಯೂಲ್‌ನ (ಬೇಕಾದಾಗ ಕರ್ನಲ್‌ಗೆ ಲೋಡ್ ಮಾಡುವ ಡ್ರೈವರ್) ಹೆಸರು ಬರುವುದು ಆ ಫೈಲ್‌ನ ಹೆಸರಿನಿಂದ. ಬೂಟ್ ಕಮಾಂಡ್ ಲೈನ್‌ನಲ್ಲಿ ಕೊಡುವ ಪ್ಯಾರಾಮೀಟರ್‌ನ ಮುಂದೆ ಬರುವುದೂ ಅದೇ ಹೆಸರು. ಅದು ಬದಲಾದರೆ ಹಳೇ ಪ್ಯಾರಾಮೀಟರ್ ಸದ್ದಿಲ್ಲದೆ ಕೆಲಸ ಬಿಟ್ಟುಬಿಡುತ್ತದೆ. ನಮ್ಮ ಪವರ್ ಚಿಪ್‌ನ ದೊಡ್ಡ ಫೈಲ್ ಒಡೆಯಲೇಬೇಕಿತ್ತು, ಹಾಗಾಗಿ ಹಳೇ ಹೆಸರನ್ನು ಎಂಎಫ್‌ಡಿ ಭಾಗಕ್ಕೆ ಉಳಿಸಿ ಮಕ್ಕಳಿಗೆ ಮಾತ್ರ ಹೊಸ ಹೆಸರು ಇಟ್ಟೆವು.

ಕಾನ್ಫಿಗ್ ಚಿಹ್ನೆಗಳ (ಕೆಕಾನ್ಫಿಗ್‌ನ ಆಯ್ಕೆಗಳ) ಹೆಸರೂ ಹಾಗೇ ಇರಲಿ. ಹಳೇ ಹೆಸರು ಕೆಕಾನ್ಫಿಗ್‌ನಲ್ಲಿ ಇಲ್ಲ ಅಂದರೆ ಹಳೇ ಆಯ್ಕೆಗಳನ್ನು ಹೊಸ ಕರ್ನಲ್‌ಗೆ ಹೊಂದಿಸುವ ಓಲ್ಡ್‌ಡೆಫ್‌ಕಾನ್ಫಿಗ್ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ, ಬಿಲ್ಡ್ ಸರಿಯಾಗಿ ಮುಗಿಯುತ್ತದೆ, ಡ್ರೈವರ್ ಮಾತ್ರ ಇರುವುದಿಲ್ಲ. ಹೊಸ ಡೈರೆಕ್ಟರಿಗೆ ಮೇಲೊಂದು ಹೊಸ ಮೆನು ಚಿಹ್ನೆ ಸೇರಿಸಿದರೂ ಇದೇ ಅಪಾಯ. ಈಥರ್ನೆಟ್ ಮರುಜೋಡಣೆಯಲ್ಲಿ ಕಂಪನಿ ಹೆಸರಿನ ಮೆನುಗಳಿಗೆಲ್ಲ 'ಡಿಫಾಲ್ಟ್ ವೈ' ಕೊಟ್ಟಿರುವುದು ಇದಕ್ಕೇ. ಮೆನು ತಾನಾಗಿ ಆನ್ ಆಗುತ್ತದೆ, ಅದರ ಕೆಳಗಿರುವ ಹಳೇ ಆಯ್ಕೆಗಳು ಹಾಗೇ ಉಳಿಯುತ್ತವೆ.

ನನಗೆ ಜಾಸ್ತಿ ಚಿಂತೆ ಇದ್ದದ್ದು ಡ್ರೈವರ್‌ಗಳು ಶುರುವಾಗುವ ಕ್ರಮದ ಬಗ್ಗೆ. ಕರ್ನಲ್ ಒಳಗೇ ಸೇರಿಸಿ ಬಿಲ್ಡ್ ಮಾಡಿದ ಡ್ರೈವರ್‌ಗಳಲ್ಲಿ ಒಂದೇ ಹಂತದ ಇನಿಟ್‌ಕಾಲ್‌ಗಳು (ಬೂಟ್ ಆಗುವಾಗ ಡ್ರೈವರ್ ಶುರು ಮಾಡುವ ಫಂಕ್ಷನ್‌ಗಳು) ಲಿಂಕ್ ಆದ ಕ್ರಮದಲ್ಲೇ ಓಡುತ್ತವೆ, ಆ ಕ್ರಮ ಬರುವುದು ಮೇಕ್‌ಫೈಲ್‌ನ ಸಾಲುಗಳಿಂದ. 'ಡ್ರೈವರ್ಸ್' ಮೇಕ್‌ಫೈಲ್‌ನಲ್ಲಿ ಜಿಪಿಐಒ ಸಾಲು ಪಿನ್‌ಕಂಟ್ರೋಲ್ (ಯಾವ ಪಿನ್ ಯಾವ ಕೆಲಸಕ್ಕೆ ಅಂತ ಹೊಂದಿಸುವ ಭಾಗ) ಆದಮೇಲೇ ಬರಬೇಕು ಅಂತ ಕಾಮೆಂಟೇ ಇದೆ. ಅಂದರೆ ಡೈರೆಕ್ಟರಿ ಬದಲಾಯಿಸಿದರೆ ಬೂಟ್ ಕ್ರಮವೂ ಬದಲಾಗಬಹುದು. 3.4ರಲ್ಲಿ ಬಂದ ಪ್ರೋಬ್ ಡಿಫರ್‌ನಿಂದ, 'ನನಗೆ ಬೇಕಾದ ಸಂಪನ್ಮೂಲ ಇನ್ನೂ ಬಂದಿಲ್ಲ, ಆಮೇಲೆ ಕರಿ' ಅಂತ ಡ್ರೈವರ್ ಹೇಳಬಹುದು. ಆದ್ದರಿಂದ ಡ್ರೈವರ್ ಏಳುವುದೇ ಇಲ್ಲ ಅನ್ನೋ ಭಯ ಕಡಿಮೆ. ಸಾಧನಗಳಿಗೆ ಸಿಗುವ ನಂಬರ್‌ಗಳ ಕಥೆ ಬೇರೆ. ನಮ್ಮ ಬೋರ್ಡ್‌ನಲ್ಲಿ ಎರಡು ಆರ್‌ಟಿಸಿ, ಒಂದಕ್ಕೆ ಮಾತ್ರ ಬ್ಯಾಟರಿ. ಬೂಟ್ ಆಗುವಾಗ ಸಮಯ ತಗೊಳ್ಳಲು ಕಾನ್ಫಿಗ್‌ನಲ್ಲಿ ಹೇಳಿದ್ದು ಆರ್‌ಟಿಸಿ 0. ಯಾವುದು ಮೊದಲು ಪ್ರೋಬ್ ಆಗುತ್ತದೆ ಅನ್ನುವುದರ ಮೇಲೆ ಗಡಿಯಾರ ನಿಲ್ಲುವುದು ಬೇಡ ಅಂತ ಒಂದು ಫೈಲನ್ನೂ ಸರಿಸುವ ಮೊದಲೇ ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಫೈಲ್) ಅಲಿಯಾಸ್ ಬರೆದು ನಂಬರ್ ಗಟ್ಟಿ ಮಾಡಿದೆ.

ಕರ್ನಲ್ ಹೊರಗೂ ಒಮ್ಮೆ ಹುಡುಕಿ ನೋಡಬೇಕು. ಮಾಡ್ಯೂಲ್‌ಗಳು ಇನ್‌ಸ್ಟಾಲ್ ಆಗುವ ದಾರಿ ಸೋರ್ಸ್ ಡೈರೆಕ್ಟರಿಯ ನಕಲೇ. ಹೆಸರು ಕೊಟ್ಟರೆ ಮಾಡ್ಯೂಲ್ ಹುಡುಕಿ ಲೋಡ್ ಮಾಡುವ ಮಾಡ್‌ಪ್ರೋಬ್ ಬಳಸುವವರಿಗೆ ಏನೂ ಆಗುವುದಿಲ್ಲ, ಪೂರ್ತಿ ದಾರಿ ಕೊಟ್ಟು ಇನ್ಸ್‌ಮಾಡ್ ಮಾಡುವ ಸ್ಕ್ರಿಪ್ಟ್ ಇದ್ದರೆ ಅದು ಮುರಿಯುತ್ತದೆ. ಡೈನಮಿಕ್ ಡಿಬಗ್‌ಗೆ (ಡಿಬಗ್ ಸಂದೇಶಗಳನ್ನು ಆನ್-ಆಫ್ ಮಾಡುವ ಸೌಲಭ್ಯ) ಸೋರ್ಸ್ ಫೈಲ್‌ನ ದಾರಿ ಕೊಟ್ಟ ಸಾಲುಗಳೂ ಅಷ್ಟೇ. ಎರಡೂ ಬಗೆಯವು ನಮ್ಮ ಸ್ಕ್ರಿಪ್ಟ್‌ಗಳಲ್ಲಿ ಸಿಕ್ಕವು.

ಪರೀಕ್ಷೆ ಸರಳ. ಸರಿಸುವ ಮೊದಲು ಮತ್ತು ಆಮೇಲೆ, ಎರಡು ಸಲದ ಡಾಟ್ ಕಾನ್ಫಿಗ್ (ಆರಿಸಿದ ಬಿಲ್ಡ್ ಆಯ್ಕೆಗಳ ಫೈಲ್) ಇಟ್ಟು ಡಿಫ್ ನೋಡಿದೆವು, ಮಾಡ್ಯೂಲ್ ಹೆಸರುಗಳ ಪಟ್ಟಿ ಹೋಲಿಸಿದೆವು, ಬೂಟ್ ಲಾಗ್ ಹೋಲಿಸಿದೆವು. ಪ್ರತಿ ಕಮಿಟ್ ಮುಂದಿನ ಕಮಿಟ್‌ಗೆ ಕಾಯದೆ ಬಿಲ್ಡ್ ಆಗಬೇಕು, ಇಲ್ಲದಿದ್ದರೆ ಮುಂದೆ ಬೈಸೆಕ್ಟ್ ಮಾಡುವವರಿಗೆ (ದೋಷ ತಂದ ಕಮಿಟ್ ಹುಡುಕುವವರಿಗೆ) ಕಷ್ಟ. ಗಿಟ್‌ನ ರಿಬೇಸ್ ಕಮಾಂಡ್‌ಗೆ ಎಕ್ಸೆಕ್ ಆಯ್ಕೆ ಕೊಟ್ಟು ಒಂದೊಂದು ಕಮಿಟ್‌ಗೂ ಮೇಕ್ ಓಡಿಸಿದೆವು. ಮೇಂಟೇನರ್ಸ್ ಫೈಲ್‌ನಲ್ಲಿ ಹಳೇ ದಾರಿಗಳು ಉಳಿದಿವೆಯೇ ಅಂತ ಗೆಟ್‌ಮೇಂಟೇನರ್ ಸ್ಕ್ರಿಪ್ಟ್‌ನ ಸೆಲ್ಫ್-ಟೆಸ್ಟ್ ಹೇಳಿಬಿಡುತ್ತದೆ.

ಹಳೇ ಫೋಲ್ಡರ್ ಈಗ ಟ್ರೀಯಲ್ಲಿಲ್ಲ. ಬೋರ್ಡ್ ಮೇಲಿನ ಎಫ್‌ಪಿಜಿಎಗೆ (ಒಳಗಿನ ಸರ್ಕ್ಯೂಟನ್ನು ನಾವೇ ಹೊಂದಿಸಬಹುದಾದ ಚಿಪ್) ಬರೆದ ಒಂದು ಸಣ್ಣ ಡ್ರೈವರ್ ಮಾತ್ರ ಯಾವ ಸಬ್‌ಸಿಸ್ಟಮ್‌ಗೂ ಸೇರಲಿಲ್ಲ, ಅದನ್ನು ಎಲ್ಲೂ ಸೇರದವುಗಳ 'ಮಿಸ್ಕ್' ಒಳಗೆ ಇಟ್ಟಿದ್ದೇವೆ. ಆ ಎಫ್‌ಪಿಜಿಎಯ ಮುಂದಿನ ವರ್ಷನ್‌ನಲ್ಲಿ ಪಿಡಬ್ಲ್ಯುಎಂ (ಪಲ್ಸ್‌ನ ಅಗಲ ಬದಲಿಸಿ ನಿಯಂತ್ರಿಸುವ ಸಿಗ್ನಲ್) ಬರುತ್ತದಂತೆ. ಬಂದಾಗ ಆ ಭಾಗವನ್ನು ಬೇರೆ ಮಾಡಿ 'ಪಿಡಬ್ಲ್ಯುಎಂ' ಡೈರೆಕ್ಟರಿಯಲ್ಲೇ ಬರೆಯುತ್ತೇವೆ.