ಸ್ಲಾಸ್ ಫರ್ನೆಸಸ್ ನೋಡುವುದು ಹೇಗೆ: ಭದ್ರಾವತಿಯ ಫರ್ನೆಸ್ ಕೆಲಸಗಾರನ ಸಲಹೆ

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಕಡೆ ಹೋದರೆ ಸ್ಲಾಸ್ ಫರ್ನೆಸಸ್ ನೋಡದೆ ಬರಬೇಡಿ. ಅದು ಹಳೇ ಕಬ್ಬಿಣದ ಕಾರ್ಖಾನೆ, ಈಗ ಮ್ಯೂಸಿಯಂ. ಅಟ್ಲಾಂಟಾದಿಂದ ಕಾರಿನಲ್ಲಿ ಎರಡೂವರೆ ಗಂಟೆ ದಾರಿ. ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಬ್ಲಾಸ್ಟ್ ಫರ್ನೆಸ್ ಅಂದರೆ ಅದಿರು ಕರಗಿಸಿ ಕಬ್ಬಿಣ ತೆಗೆಯುವ ದೊಡ್ಡ ಕುಲುಮೆಯ ಹತ್ತಿರವೇ ದುಡಿದು ರಿಟೈರ್ ಆದವನು. ಮಗಳ ಮನೆಗೆ ಬಂದಾಗೆಲ್ಲ ಅಲ್ಲಿಗೆ ಹೋಗುತ್ತೇನೆ. ಬಹಳ ಜನ ತುಕ್ಕು ಹಿಡಿದ ಚಿಮಣಿಗಳ ಮುಂದೆ ನಿಂತು ಫೋಟೋ ತೆಗೆದು ಹೊರಟುಬಿಡುತ್ತಾರೆ. ಹಾಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಿರು ಯಾವ ದಾರಿಯಲ್ಲಿ ಹೋಯಿತೋ ಅದೇ ದಾರಿಯಲ್ಲಿ ನಡೆಯಿರಿ. ಪ್ರತಿ ಜಾಗದಲ್ಲೂ ಒಂದು ನಿಮಿಷ ನಿಂತು, ಇಲ್ಲಿ ಕೆಲಸ ಮಾಡಿದವನಿಗೆ ಏನಾಗಬಹುದಿತ್ತು ಎಂದು ಯೋಚಿಸಿ.

ಮೊದಲು ಕಾಲಿಗೆ ಬೂಟು. ಚಪ್ಪಲಿ, ಸ್ಯಾಂಡಲ್ ಬೇಡವೇ ಬೇಡ. ಒಲೆ ಆರಿ ಅರ್ಧ ಶತಮಾನವಾದರೂ ಕಬ್ಬಿಣದ ಅಂಚು ಅಂಚೇ. ಸೀರೆ ಸೆರಗು, ದುಪಟ್ಟಾ ಸಿಕ್ಕಿಕೊಳ್ಳುವ ಮೂಲೆಗಳು ಬೇಕಾದಷ್ಟಿವೆ, ಬಿಗಿಯಾದ ಬಟ್ಟೆ ಹಾಕಿಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿನ ಸೆಕೆ ಮಂಗಳೂರಿನ ಸೆಕೆಯ ಹಾಗೆ, ಬೆವರು ಆರುವುದೇ ಇಲ್ಲ. ನೀರು ಜೊತೆಗಿರಲಿ. ಮಳೆ ಬಂದ ದಿನ ಕಬ್ಬಿಣದ ಮೆಟ್ಟಿಲು ಜಾರುತ್ತದೆ. ಮಕ್ಕಳ ಕೈ ಬಿಡಬೇಡಿ. ಹಗ್ಗ, ಸರಪಳಿ ಕಟ್ಟಿದ ಕಡೆ ದಾಟಬೇಡಿ, ತುಕ್ಕು ತಿಂದ ತಗಡು ಮೇಲಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ.

ಇನ್ನು ಇಲ್ಲೇ ಯಾಕೆ ಕಾರ್ಖಾನೆ ಬಂತು ಅನ್ನುವುದು. ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು, ಮೂರೂ ಒಂದೇ ಊರಿನ ಆಸುಪಾಸಿನಲ್ಲಿ ಸಿಗುವುದು ಅಪರೂಪ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಕ್ಕಿತು. ಜೇಮ್ಸ್ ವಿದರ್ಸ್ ಸ್ಲಾಸ್ 1880ರಲ್ಲಿ ಕಂಪನಿ ಶುರು ಮಾಡಿದರು, 1882ರ ಏಪ್ರಿಲ್‌ನಲ್ಲಿ ಮೊದಲ ಫರ್ನೆಸ್ ಹೊತ್ತಿತು. ಮೊದಲ ವರ್ಷವೇ 24,000 ಟನ್ ಬೀಡು ಕಬ್ಬಿಣ ಬಂತು. ಅದಿರು ಊರಿನ ಪಕ್ಕದ ರೆಡ್ ಮೌಂಟೇನ್‌ನದು. ಆ ಗುಡ್ಡದ ಮಣ್ಣು ನೋಡಿದಾಗ ನನಗೆ ನಮ್ಮ ಕೆಮ್ಮಣ್ಣುಗುಂಡಿಯೇ ನೆನಪಾಗುವುದು, ಭದ್ರಾವತಿಗೆ ಅದಿರು ಬರುತ್ತಿದ್ದುದು ಅಲ್ಲಿಂದ ತಾನೆ. ಒಂದು ವ್ಯತ್ಯಾಸ ಇದೆ. 1923ರಲ್ಲಿ ನಮ್ಮ ಫರ್ನೆಸ್ ಹೊತ್ತಿದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. ಸ್ಲಾಸ್‌ನಲ್ಲಿ ಕೋಕ್, ಅಂದರೆ ಗಾಳಿಯಾಡದಂತೆ ಕಾಯಿಸಿದ ಕಲ್ಲಿದ್ದಲು.

ಈಗ ನಡೆಯೋಣ. ಅದಿರು, ಕೋಕ್ ತುಂಬಿಡುತ್ತಿದ್ದ ಬಿನ್‌ಗಳ ಕೆಳಗೆ ಒಂದು ಸುರಂಗ ಇದೆ. ಒಳಗೆ ಹೋಗಲು ಬಿಟ್ಟಿದ್ದರೆ ಅಲ್ಲಿಂದಲೇ ಶುರು ಮಾಡಿ. ತಲೆ ಬಗ್ಗಿಸಿ ಹೋಗಿ, ಕತ್ತಲಿರುತ್ತದೆ. ಇಲ್ಲಿ ತೂಕ ಮಾಡಿ ತುಂಬಿದ ಮಾಲು ಸ್ಕಿಪ್ ಎಂಬ ಬಂಡಿಯಲ್ಲಿ ಓರೆ ಹಳಿಯ ಮೇಲೆ ಫರ್ನೆಸ್ ತಲೆಗೆ ಹೋಗುತ್ತಿತ್ತು. ಈ ವ್ಯವಸ್ಥೆ ಬಂದದ್ದು 1920ರ ದಶಕದ ಕೊನೆಯಲ್ಲಿ, ಫರ್ನೆಸ್‌ಗಳನ್ನು ಹೊಸದಾಗಿ ಕಟ್ಟಿದಾಗ. ಅದಕ್ಕೆ ಮುಂಚೆ ಕೈಗಾಡಿ ತಳ್ಳಿಕೊಂಡು ಮೇಲೆ ಹೋಗಿ ಮನುಷ್ಯರೇ ಸುರಿಯಬೇಕಿತ್ತು.

ಕತ್ತೆತ್ತಿ ಆ ತುದಿಯನ್ನು ನೋಡಿ. ಇಡೀ ಕಾರ್ಖಾನೆಯಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವ ಜಾಗ ಅದು. ಫರ್ನೆಸ್ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ನೋಯುತ್ತದೆ, ಮೊಣಕಾಲು ಸೋಲುತ್ತದೆ, ಮನುಷ್ಯ ಬಿದ್ದುಬಿಡುತ್ತಾನೆ. ಎತ್ತಲು ಓಡಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಒಬ್ಬನೇ ಮೇಲೆ ಹತ್ತಬಾರದು ಅನ್ನುವುದು ನಮಗೆ ಕಲಿಸಿದ ಮೊದಲ ಪಾಠ.

ಗ್ಯಾಸ್ ಒಂದೇ ಅಲ್ಲ. ಒಳಗೆ ಸುರಿದ ಮಾಲು ಕೆಲವೊಮ್ಮೆ ಗೋಡೆಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಕೆಳಗಿನದು ಕರಗಿ ಇಳಿಯುತ್ತಾ ಹೋಗಿ ನಡುವೆ ಟೊಳ್ಳಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಕುಸಿಯುತ್ತದೆ. ಆಗ ಬೆಂಕಿ, ಧೂಳು, ಕೆಂಡದಂಥ ಕೋಕ್ ತುಂಡುಗಳು ಮೇಲಿಂದ ಚಿಮ್ಮುತ್ತವೆ. ಇದಕ್ಕೆ ಸ್ಲಿಪ್ ಅನ್ನುತ್ತಾರೆ. ಕೈಗಾಡಿ ಕಾಲದಲ್ಲಿ ಆ ಹೊತ್ತಿಗೆ ಮೇಲೆ ನಿಂತಿದ್ದವನಿಗೆ ಓಡಲು ಜಾಗ ಎಲ್ಲಿತ್ತು?

ಪಕ್ಕದ ಎತ್ತರದ ಸಿಲಿಂಡರ್‌ಗಳು ಸ್ಟೋವ್‌ಗಳು, ಒಳಗೆ ಇಟ್ಟಿಗೆಯ ಜಾಲಿ. ಗ್ಯಾಸ್ ಉರಿಸಿ ಇಟ್ಟಿಗೆ ಕಾಯಿಸಿ, ಆ ಬಿಸಿಯನ್ನು ಫರ್ನೆಸ್‌ಗೆ ಹೋಗುವ ಗಾಳಿಗೆ ಕೊಡುತ್ತಿದ್ದರು. ಗಾಳಿ ಊದುತ್ತಿದ್ದ ಭಾರಿ ಉಗಿ ಎಂಜಿನ್‌ಗಳ ಕಟ್ಟಡ 1902ರದು, ಅಲ್ಲಿ ಉಳಿದವುಗಳಲ್ಲೇ ಹಳೆಯದು. ಮೆಷಿನ್ ಇಷ್ಟಪಡುವವರು ಅಲ್ಲಿ ಅರ್ಧ ಗಂಟೆ ಕಳೆಯಬಹುದು.

ಕರಗಿದ ಕಬ್ಬಿಣ ಹೊರಬಿಡುತ್ತಿದ್ದ ಕಾಸ್ಟ್ ಶೆಡ್‌ಗೆ ಮಾತ್ರ ಸಮಯ ಇಟ್ಟುಕೊಳ್ಳಿ. ಫರ್ನೆಸ್ ಬುಡದಲ್ಲಿ ಜೇಡಿಮಣ್ಣಿನಿಂದ ಮುಚ್ಚಿದ ತೂತನ್ನು ಕೊರೆದರೆ ಸುಮಾರು 1,500 ಡಿಗ್ರಿ ಬಿಸಿಯ ಕಬ್ಬಿಣ ಹೊರಗೆ ಹರಿಯುತ್ತದೆ. ನೆಲದ ಮೇಲಿನ ಕಾಲುವೆಗಳನ್ನು ಗಮನಿಸಿ. ಮೇಲೆ ತೇಲುವ ಕಿಟ್ಟ, ಅಂದರೆ ಅದಿರಿನ ಕರಗಿದ ಕಸ, ಒಂದು ಕಡೆ, ಕಬ್ಬಿಣ ಇನ್ನೊಂದು ಕಡೆ. ಕಾಲುವೆಯ ಮರಳು ಚೆನ್ನಾಗಿ ಒಣಗಿರಬೇಕು. ಸ್ವಲ್ಪ ತೇವ ಇದ್ದರೂ ನೀರು ಒಮ್ಮೆಲೇ ಆವಿಯಾಗಿ ಕಬ್ಬಿಣವನ್ನು ಸಿಡಿಸುತ್ತದೆ. ಹಳೇ ಕಾಲದಲ್ಲಿ ಕಬ್ಬಿಣ ಮರಳಿನ ಅಚ್ಚಿನಲ್ಲೇ ಗಟ್ಟಿಯಾಗುತ್ತಿತ್ತು. ಇನ್ನೂ ಬಿಸಿ ಇರುವಾಗಲೇ ಒಡೆದು, ಸುಮಾರು ಐವತ್ತು ಕೆಜಿಯ ಗಟ್ಟಿಗಳನ್ನು ಎತ್ತಿ ಗಾಡಿಗೆ ತುಂಬಬೇಕಿತ್ತು.

ಆ ಕೆಲಸ ಹೆಚ್ಚಾಗಿ ಕಪ್ಪು ಜನರದು. ಅಪಾಯದ ಕೆಲಸ ಅವರಿಗೆ, ಮೇಲಿನ ಹುದ್ದೆ ಬಿಳಿಯರಿಗೆ. ಸ್ನಾನದ ಮನೆ ಕೂಡ ಬೇರೆ ಬೇರೆ. ಕಂಪನಿಯ ಗಣಿಗಳಲ್ಲಂತೂ ಸರ್ಕಾರದಿಂದ ಬಾಡಿಗೆಗೆ ಪಡೆದ ಕೈದಿಗಳನ್ನು ದುಡಿಸಿದರು, ಅವರಲ್ಲೂ ಹೆಚ್ಚಿನವರು ಕಪ್ಪು ಜನ. ಅಲಬಾಮಾದಲ್ಲಿ ಈ ಪದ್ಧತಿ ನಿಂತಿದ್ದು 1928ರಲ್ಲಿ, ಅಮೆರಿಕದ ಬೇರೆಲ್ಲ ರಾಜ್ಯಗಳಿಗಿಂತ ಕೊನೆಗೆ. ಇದನ್ನು ತಿಳಿಯದೆ ಸ್ಲಾಸ್ ನೋಡಿದರೆ ಬರೀ ಪೈಪು ನೋಡಿದ ಹಾಗೆ. ಮ್ಯೂಸಿಯಂನ ಫಲಕಗಳನ್ನು ಓದಿ. ಹಳೇ ಕೆಲಸಗಾರರ ಮಾತುಗಳನ್ನು ಅವರು ದಾಖಲಿಸಿಟ್ಟಿದ್ದಾರೆ, ಸಿಬ್ಬಂದಿಯನ್ನು ಅದರ ಬಗ್ಗೆ ಕೇಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ಲಾಸ್ ಹೆಸರು ಇಂಟರ್ನೆಟ್‌ನಲ್ಲಿ ಹುಡುಕಿದರೆ ದೆವ್ವದ ಕಥೆಗಳೇ ಜಾಸ್ತಿ ಸಿಗುತ್ತವೆ. ಕ್ರೂರಿ ಫೋರ್‌ಮನ್ ಒಬ್ಬ ಕರಗಿದ ಕಬ್ಬಿಣಕ್ಕೆ ಬಿದ್ದನಂತೆ, ಈಗಲೂ ಓಡಾಡುತ್ತಾನಂತೆ. ನನಗೆ ಅದನ್ನು ಕೇಳಿದರೆ ಬೇಜಾರಾಗುತ್ತದೆ. ಗ್ಯಾಸ್ ಕುಡಿದು ಬಿದ್ದವರು, ಸುಟ್ಟುಕೊಂಡವರು, ಗಣಿಯಲ್ಲಿ ಸತ್ತ ಕೈದಿಗಳು ನಿಜವಾದ ಜನ. ಅವರ ಮನೆಗಳಲ್ಲಿ ಹೆಂಡತಿ ಮಕ್ಕಳು ಕಾಯುತ್ತಿದ್ದರು. ಮಕ್ಕಳಿಗೆ ಕಥೆ ಹೇಳುವುದಿದ್ದರೆ ಅವರದ್ದನ್ನೇ ಹೇಳಿ.

ಫರ್ನೆಸ್ ಆರಿದ್ದು 1971ರಲ್ಲಿ. ಒಡೆದು ಹಾಕುವ ಮಾತೂ ಬಂದಿತ್ತು. ಊರಿನ ಜನ ಸುಮ್ನೆ ಕೂರಲಿಲ್ಲ. 1977ರಲ್ಲಿ ಮತ ಹಾಕಿ, ಇದನ್ನು ಉಳಿಸಲು ಬಾಂಡ್ ಮೂಲಕ 33 ಲಕ್ಷ ಡಾಲರ್ ಸಾಲ ಎತ್ತಲು ಒಪ್ಪಿದರು. 1981ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು, 1983ರಲ್ಲಿ ಮ್ಯೂಸಿಯಂ ತೆರೆಯಿತು. ಭದ್ರಾವತಿಯವನಾಗಿ ನನಗೆ ಇದು ದೊಡ್ಡ ವಿಷಯ. ನಮ್ಮ ಕಾರ್ಖಾನೆಯ ಹಳೇ ಯಂತ್ರಗಳನ್ನೂ ಗುಜರಿಗೆ ಹಾಕದೆ ಹೀಗೆ ಉಳಿಸಿಕೊಳ್ಳಬೇಕು ಎಂದು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಅಲ್ಲಿ ಈಗಲೂ ಕಲಾವಿದರು ಸಣ್ಣ ಕುಲುಮೆಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ದಿನಗಳಿವೆ. ಸಾಧ್ಯವಾದರೆ ಅಂಥ ದಿನ ಹೋಗಿ. ಹತ್ತಿ ಬಟ್ಟೆ ಹಾಕಿಕೊಳ್ಳಿ, ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಗೆರೆ ಹಾಕಿದ ಕಡೆಯಿಂದ ಹಿಂದೆ ನಿಲ್ಲಿ, ಕೈಯಲ್ಲಿನ ನೀರಿನ ಬಾಟಲಿ ಮುಚ್ಚಿರಲಿ. ಸಮಯ ಉಳಿದರೆ ರೆಡ್ ಮೌಂಟೇನ್ ಮೇಲಿನ ವಲ್ಕನ್ ಪ್ರತಿಮೆಗೂ ಹೋಗಿ, ವಲ್ಕನ್ ಅಂದರೆ ರೋಮನ್ನರ ಬೆಂಕಿ, ಕುಲುಮೆಯ ದೇವರು. 56 ಅಡಿ ಎತ್ತರದ ಆ ಎರಕದ ಮೂರ್ತಿಯನ್ನು 1904ರ ಸೇಂಟ್ ಲೂಯಿಸ್ ಮೇಳಕ್ಕೆಂದು ಮಾಡಿದ್ದು, ಕಬ್ಬಿಣ ಸ್ಲಾಸ್ ಕಂಪನಿಯದು. ಕಾರು ಹತ್ತುವ ಮುಂಚೆ ಎಲ್ಲರೂ ಕೈ ತೊಳೆದುಕೊಳ್ಳಿ. ಹಳೇ ಕಾರ್ಖಾನೆಗಳ ಬಣ್ಣದಲ್ಲಿ ಸೀಸ ಇರುತ್ತಿತ್ತು, ಪುಟ್ಟ ಮಕ್ಕಳು ಬೆರಳು ಬಾಯಿಗೆ ಹಾಕಿಕೊಳ್ಳುತ್ತಾರೆ.